ಪಾರಿವಾಳವನ್ನು ದೂರದ ಪಂದ್ಯಕ್ಕೆ ಎಷ್ಟು ಸಲ ಕಳುಹಿಸಬೇಕು?



ಖಾನಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಮನೆಯ ಮಾಳಿಗೆಯ ಮೇಲೆ ಪಂದ್ಯದ ಪಾರಿವಾಳಗಳನ್ನು ಸಾಕಿದ್ದಾನೆ. ಊರಿಗೆ ಬರುವಾಗ ನಾಲ್ಕಾರು ಹಕ್ಕಿಗಳನ್ನು ಬುಟ್ಟಿಯಲ್ಲಿ ತಂದು, ಮರುದಿನ ಬೆಳಿಗ್ಗೆ ಖಾನಾಪುರದ ಹೊರಗಿನ ಬಯಲಿನಲ್ಲಿ ಹಾರಿಬಿಡುವುದು ಅವನ ರೂಢಿ. ಸಂಜೆಯೊಳಗೆ ಅವು ಬೆಂಗಳೂರಿನ ಗೂಡು ಸೇರಿದ ಸುದ್ದಿ ಬರುತ್ತದೆ. ಅವನ ಬಳಿಯಿರುವ ಎರಡು ವರ್ಷದ ಹೆಣ್ಣು ಹಕ್ಕಿಯೊಂದು ಹೀಗೆ ಮೂರು ಸಲ ತಪ್ಪದೆ ಮರಳಿದೆ. ಈ ಋತುವಿನಲ್ಲಿ 500, 700 ಹಾಗೂ ಸುಮಾರು 1000 ಕಿ.ಮೀ. ದೂರದ ಮೂರು ಪಂದ್ಯಗಳು ಅವನ ಮುಂದಿವೆ. "ಸರ್, ಮೂರಕ್ಕೂ ಇದನ್ನ ಬಿಡಲೇನ್ರಿ? ಒಂದಕ್ಕಷ್ಟ ಬಿಡಲೇನ್ರಿ?" ಎಂದು ನನ್ನನ್ನು ಕೇಳಿದ.

ಪಕ್ಷಿವೈದ್ಯ ನನ್ನ ವಿಷಯವಲ್ಲ. ಮೂರು ದಶಕಗಳ ಕಾಲ ಇತಿಹಾಸ ಕಲಿಸಿದವನು ನಾನು. ಆದರೆ ಈ ಪ್ರಶ್ನೆಗೆ ಇತಿಹಾಸದಲ್ಲಿಯೂ ಉತ್ತರವುಂಟು ಎಂದು ಓದುತ್ತ ಹೋದಂತೆ ನನಗೆ ಮನವರಿಕೆಯಾಯಿತು. ಅದನ್ನು ನಿಮ್ಮೆಲ್ಲರೊಡನೆ ಹಂಚಿಕೊಳ್ಳುವ ಉದ್ದೇಶದಿಂದ ಈ ಬರಹ.

ಪಾರಿವಾಳದ ವಿನೋದ ನಮ್ಮ ನಾಡಿಗೆ ಹೊರಗಿನಿಂದ ಬಂದ ಹೊಸ ಹವ್ಯಾಸವೆಂದು ಅನೇಕರು ಭಾವಿಸುತ್ತಾರೆ. ಅದು ಪೂರ್ತಿ ನಿಜವಲ್ಲ. 1127ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ತಲಾ 20 ಅಧ್ಯಾಯಗಳ ಐದು ವಿಂಶತಿಗಳಿರುವ ಈ ಗ್ರಂಥದ ವಿನೋದಭಾಗದಲ್ಲಿ ಆನೆ, ಕುದುರೆ, ಮಲ್ಲಯುದ್ಧ, ಕೋಳಿ ಮತ್ತು ಟಗರಿನ ಕಾಳಗಗಳ ಜೊತೆಗೆ ಪಾರಾವತ ವಿನೋದಕ್ಕೂ ಸ್ಥಾನ ದೊರೆತಿದೆ. ಪಾರಾವತವೆಂದರೆ ಪಾರಿವಾಳವೇ. ನಮ್ಮ ಖಾನಾಪುರ ತಾಲೂಕಿನ ಹಲಸಿ ಆ ಕಾಲದಲ್ಲಿ ಪಲಸಿಗೆ ಎಂಬ ಹೆಸರಿನಿಂದ ಗೋವೆಯ ಕದಂಬರ ನಾಡಿಗೆ ಸೇರಿತ್ತು. ಅವರು ಚಾಲುಕ್ಯರಿಗೆ ಅಧೀನರಾಗಿದ್ದರು. ಎಂದಮೇಲೆ ಈ ವಿನೋದವನ್ನು ಶಾಸ್ತ್ರವಾಗಿ ಬರೆದಿಟ್ಟ ಅರಸನು ನಮ್ಮ ಸೀಮೆಗೂ ಒಡೆಯನೇ ಆಗಿದ್ದನು.

ನಾಲ್ಕೂವರೆ ಶತಮಾನಗಳ ತರುವಾಯ ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ'ಯಲ್ಲಿ ಇದೇ ವಿನೋದದ ಇನ್ನೊಂದು ಚಿತ್ರ ಸಿಗುತ್ತದೆ. ಅಕ್ಬರನು ಪಾರಿವಾಳ ಹಾರಿಸುವುದಕ್ಕೆ 'ಇಷ್ಕ್ ಬಾಜಿ', ಅಂದರೆ ಪ್ರೀತಿಯ ಆಟ, ಎಂದು ಹೆಸರಿಟ್ಟಿದ್ದನು. ಆಸ್ಥಾನದಲ್ಲಿ 20,000ಕ್ಕೂ ಹೆಚ್ಚು ಹಕ್ಕಿಗಳಿದ್ದವು. ಅವುಗಳಲ್ಲಿ 500 ಮಾತ್ರ ಖಾಸಾ, ಅಂದರೆ ಅರಸನ ಆಯ್ಕೆಯವು. ದಂಡು ಒಂದು ಬೀಡಿನಿಂದ ಇನ್ನೊಂದಕ್ಕೆ ಸಾಗುವಾಗ ಆಳುಗಳು ಗೂಡುಗಳನ್ನು ಹೊತ್ತು ನಡೆಯುತ್ತಿದ್ದರು. ಹಕ್ಕಿಗಳು ಮೇಲೆ ಹಾರುತ್ತ ಹಿಂಬಾಲಿಸುತ್ತಿದ್ದವು, ನಡುನಡುವೆ ಇಳಿದು ವಿಶ್ರಮಿಸಿ ಮತ್ತೆ ಏರುತ್ತಿದ್ದವು. ಈ ವಿವರ ನನಗೆ ಬಹಳ ಮುಖ್ಯವೆನಿಸಿತು. ಎಲ್ಲಿ ಇಳಿಯಬೇಕು, ಯಾವಾಗ ಏಳಬೇಕು ಎಂಬ ನಿರ್ಧಾರ ಅಲ್ಲಿ ಹಕ್ಕಿಯ ಕೈಯಲ್ಲಿಯೇ ಇತ್ತು.

ದೂರದ ಪಂದ್ಯ ಆ ನಿರ್ಧಾರವನ್ನು ಹಕ್ಕಿಯಿಂದ ಯಜಮಾನನಿಗೆ ವರ್ಗಾಯಿಸಿತು. ಈ ಪಂದ್ಯ 19ನೆಯ ಶತಮಾನದ ಬೆಲ್ಜಿಯಂ ದೇಶದಲ್ಲಿ ಬೆಳೆದದ್ದು. ದೂರದಿಂದ ಗೂಡಿಗೆ ಮರಳುವ ಗುಣವನ್ನೇ ಆರಿಸಿ ಆರಿಸಿ, ತಳಿ ಬೆರೆಸಿ ಅಲ್ಲಿಯ ಜನ ಇಂದಿನ ಪಂದ್ಯದ ಪಾರಿವಾಳವನ್ನು ರೂಪಿಸಿದರು. 1850ರಲ್ಲಿ ಪಾಲ್ ಜೂಲಿಯಸ್ ರಾಯ್ಟರ್ ಎಂಬಾತನು ಜರ್ಮನಿಯ ಆಖೆನ್ ಮತ್ತು ಬ್ರಸೆಲ್ಸ್ ನಗರಗಳ ನಡುವೆ ತಂತಿಮಾರ್ಗವಿಲ್ಲದ ಅಂತರವನ್ನು ಪಾರಿವಾಳಗಳಿಂದ ತುಂಬಿ, ಷೇರುಪೇಟೆಯ ಸುದ್ದಿಯನ್ನು ರೈಲಿಗಿಂತ ಮೊದಲು ಮುಟ್ಟಿಸಿದನು. ಇಂದಿನ ರಾಯ್ಟರ್ಸ್ ಸುದ್ದಿಸಂಸ್ಥೆಯ ಮೂಲಪುರುಷನೇ ಈತ.

ಪಂದ್ಯದ ಲೆಕ್ಕ ಸರಳವಾದದ್ದು. ಎಲ್ಲರ ಹಕ್ಕಿಗಳನ್ನೂ ಒಂದೇ ಸ್ಥಳದಿಂದ, ಒಂದೇ ವೇಳೆಗೆ ಬಿಡುತ್ತಾರೆ. ಪ್ರತಿಯೊಂದು ತನ್ನ ತನ್ನ ಗೂಡಿಗೆ ಮರಳುತ್ತದೆ. ಗೂಡುಗಳ ದೂರ ಬೇರೆ ಬೇರೆಯಾದ್ದರಿಂದ ಮೊದಲು ಬಂದದ್ದೇ ಗೆದ್ದಿತು ಎನ್ನುವಂತಿಲ್ಲ. ನಿಮಿಷಕ್ಕೆ ಎಷ್ಟು ಮೀಟರ್ ಕ್ರಮಿಸಿತು ಎಂಬುದೇ ನಿರ್ಣಾಯಕ. ಖಾನಾಪುರದಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 445 ಕಿ.ಮೀ. ಹಕ್ಕಿ 7 ಗಂಟೆಯಲ್ಲಿ ಮುಟ್ಟಿದರೆ ಅದರ ವೇಗ ನಿಮಿಷಕ್ಕೆ ಸುಮಾರು 1060 ಮೀಟರ್. ಧಾರವಾಡ, ಹಾವೇರಿ, ಚಿತ್ರದುರ್ಗ, ತುಮಕೂರಿನ ಸೀಮೆಗಳ ಮೇಲೆ ಹಾಯುವ ಈ ದಾರಿ ಬಹುಮಟ್ಟಿಗೆ ಬಯಲುಸೀಮೆ. ಆದರೆ ಹೊರಡುವ ಜಾಗ ಸಹ್ಯಾದ್ರಿಯ ಅಂಚು. ಖಾನಾಪುರದ ಪಶ್ಚಿಮಕ್ಕೆ ಕಣಕುಂಬಿ, ಭೀಮಗಡದ ಕಾಡು. ಅಲ್ಲಿ ಬೆಳಗಿನ ಮಂಜೂ ಉಂಟು, ಡೇಗೆಗಳೂ ಉಂಟು.

ಮಂಜು, ಮೋಡಗಳ ಮಾತು ಏಕೆ ಬಂತೆಂದರೆ, ಪಾರಿವಾಳ ದಿಕ್ಕನ್ನು ಅರಿಯುವ ಬಗೆ ಅದಕ್ಕೆ ಹೊಂದಿಕೊಂಡಿದೆ. ಬಿಸಿಲಿದ್ದಾಗ ಸೂರ್ಯನೇ ಅದರ ದಿಕ್ಸೂಚಿ. ಅಮೆರಿಕದ ವಿಲಿಯಂ ಕೀಟನ್ 1971ರಲ್ಲಿ ಪಾರಿವಾಳಗಳ ಬೆನ್ನಿಗೆ ಸಣ್ಣ ಅಯಸ್ಕಾಂತ ಕಟ್ಟಿ ಪರೀಕ್ಷಿಸಿದಾಗ, ಮೋಡ ಕವಿದ ದಿನಗಳಲ್ಲಿ ಅವು ದಾರಿ ತಪ್ಪಿದ್ದು ಕಂಡುಬಂತು. ಬಿಸಿಲಿನ ದಿನಗಳಲ್ಲಿ ಹೆಚ್ಚಿನ ತೊಂದರೆಯಾಗಲಿಲ್ಲ. ಗಾಳಿ ಹೊತ್ತು ತರುವ ವಾಸನೆಯೂ ದಾರಿ ತೋರುತ್ತದೆಂದು ಇಟಲಿಯ ಫ್ಲೋರಿಯಾನೊ ಪಾಪಿ ಮತ್ತು ಸಂಗಡಿಗರು ಪ್ರತಿಪಾದಿಸಿದರು. ಒಟ್ಟಿನಲ್ಲಿ, ಒಂದೇ ಹಕ್ಕಿ ಒಂದೇ ದಾರಿಯಲ್ಲಿ ಮೂರು ಸಲ ಮರಳಿತೆಂದರೆ, ಆ ಮೂರು ದಿನಗಳ ಆಕಾಶವೂ ಅದಕ್ಕೆ ಸಹಕರಿಸಿತ್ತೆಂದು ತಿಳಿಯಬೇಕು. ನಾಲ್ಕನೆಯ ದಿನದ ಭರವಸೆಯನ್ನು ಯಾರೂ ಕೊಡಲಾರರು.

ಇನ್ನು ಯುದ್ಧಗಳ ಇತಿಹಾಸಕ್ಕೆ ಬರೋಣ. 1870-71ರಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸ್ ನಗರವನ್ನು ಮುತ್ತಿದಾಗ, ನಗರದ ಪಾರಿವಾಳಗಳನ್ನು ಬಲೂನುಗಳಲ್ಲಿ ಹೊರಗೆ ಸಾಗಿಸಿ, ಅವುಗಳ ಬಾಲದ ಗರಿಗೆ ಅತಿಸೂಕ್ಷ್ಮ ಅಕ್ಷರಗಳ ಫಿಲ್ಮು ಕಟ್ಟಿ ಹಿಂದಕ್ಕೆ ಹಾರಿಸಿದರು. ಹೀಗೆ ಹಾರಿಬಿಟ್ಟ ಹಕ್ಕಿಗಳು ಸುಮಾರು 300. ಮರಳಿದವು 60ರ ಆಸುಪಾಸು. ಕಠಿಣ ಚಳಿಗಾಲ, ಗಿಡ್ಡ ಹಗಲು, ತರಬೇತಿಯ ಕೊರತೆ, ಎಲ್ಲವೂ ಸೇರಿಕೊಂಡಿದ್ದವು. ಪಠ್ಯಪುಸ್ತಕಗಳು ಇದನ್ನು ಪಾರಿವಾಳ ಅಂಚೆಯ ವಿಜಯವೆಂದು ಬಣ್ಣಿಸುತ್ತವೆ. ಸಂದೇಶಗಳ ದೃಷ್ಟಿಯಿಂದ ಅದು ವಿಜಯವೇ ಹೌದು, ಏಕೆಂದರೆ ಒಂದೇ ಸಂದೇಶದ ಹಲವು ಪ್ರತಿಗಳನ್ನು ಹಲವು ಹಕ್ಕಿಗಳಿಗೆ ಕಟ್ಟುತ್ತಿದ್ದರು. ಹಕ್ಕಿಗಳ ದೃಷ್ಟಿಯಿಂದ ನೋಡಿದರೆ ಐದರಲ್ಲಿ ನಾಲ್ಕು ಮರಳಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ, 1918ರ ಅಕ್ಟೋಬರಿನಲ್ಲಿ, ಫ್ರಾನ್ಸಿನ ಆರ್ಗಾನ್ ಕಾಡಿನಲ್ಲಿ ಸಿಕ್ಕಿಬಿದ್ದ ಅಮೆರಿಕನ್ ತುಕಡಿಯ ಸಂದೇಶ ತಂದ 'ಶೇರ್ ಅಮಿ' ಗುಂಡೇಟಿನಿಂದ ಕಾಲು ಕಳೆದುಕೊಂಡಿತು. 1919ರ ಜೂನ್ ತಿಂಗಳಲ್ಲಿ ಸತ್ತಿತು. ಎರಡನೆಯ ಮಹಾಯುದ್ಧದಲ್ಲಿ, 1943ರ ಅಕ್ಟೋಬರಿನಲ್ಲಿ, ಇಟಲಿಯಲ್ಲಿ 20 ಮೈಲಿಯನ್ನು ಸುಮಾರು 20 ನಿಮಿಷದಲ್ಲಿ ಹಾರಿ ತನ್ನದೇ ಪಕ್ಷದ ಬಾಂಬುದಾಳಿಯನ್ನು ತಪ್ಪಿಸಿದ 'ಜಿ.ಐ. ಜೋ' ಯುದ್ಧದ ಬಳಿಕ ನಿವೃತ್ತಿ ಪಡೆದು, 1961ರಲ್ಲಿ ಡೆಟ್ರಾಯಿಟ್ ಮೃಗಾಲಯದಲ್ಲಿ ತನ್ನ 18ನೆಯ ವಯಸ್ಸಿನಲ್ಲಿ ಸತ್ತಿತು. ಚೆನ್ನಾಗಿ ನೋಡಿಕೊಂಡರೆ ಈ ಹಕ್ಕಿಯ ಆಯುಷ್ಯ ಎಷ್ಟು ದೊಡ್ಡದು ಎಂಬುದನ್ನು ಇಲ್ಲಿ ಗಮನಿಸಬೇಕು. ಹಾಗಿರುವಾಗ ಎರಡು ವರ್ಷದ ಹಕ್ಕಿಗೆ ಏನು ಅವಸರ?

ನಮ್ಮ ದೇಶದಲ್ಲಿ ಒಡಿಶಾ ಪೊಲೀಸರ ಪಾರಿವಾಳ ಸೇವೆ ಪ್ರಸಿದ್ಧವಾದದ್ದು. ಸೈನ್ಯದಿಂದ ಬಂದ ಹಕ್ಕಿಗಳೊಡನೆ 1946ರಲ್ಲಿ ಅದು ಆರಂಭವಾಯಿತು. 1948ರ ಏಪ್ರಿಲಿನಲ್ಲಿ ಪ್ರಧಾನಿ ನೆಹರೂ ಸಂಬಲಪುರದಿಂದ ಕಟಕಕ್ಕೆ ಸಂದೇಶ ಕಳುಹಿಸಿದ್ದು ಇದೇ ಹಕ್ಕಿಗಳ ಮೂಲಕ. 1999ರ ಭೀಕರ ಚಂಡಮಾರುತದಲ್ಲಿ ತಂತಿ, ದೂರವಾಣಿಗಳೆಲ್ಲ ಕಡಿದುಬಿದ್ದಾಗಲೂ ಅವು ನೆರವಾದವು. ದೂರಸಂಪರ್ಕ ಬೆಳೆದಂತೆ ಆ ಸೇವೆ ನಿಂತು, ಹಕ್ಕಿಗಳು ಪರಂಪರೆಯ ಗುರುತಾಗಿ ಉಳಿದಿವೆ. ಇಲ್ಲೆಲ್ಲ ಹಕ್ಕಿಯನ್ನು ಎಷ್ಟು ಸಲ ಕಳುಹಿಸಬೇಕೆಂಬುದನ್ನು ಅಗತ್ಯ ನಿರ್ಧರಿಸುತ್ತಿತ್ತು. ಮುತ್ತಿಗೆಗೆ, ಚಂಡಮಾರುತಕ್ಕೆ ದಿನ ಗೊತ್ತುಮಾಡಲು ಬರುವುದಿಲ್ಲ. ಪಂದ್ಯಕ್ಕೆ ಅಂಥ ಯಾವ ಅನಿವಾರ್ಯತೆಯೂ ಇಲ್ಲ. ಆದ್ದರಿಂದಲೇ ಪಂದ್ಯದ ಯಜಮಾನನ ಹೊಣೆ ಸೇನಾಧಿಕಾರಿಯ ಹೊಣೆಗಿಂತ ಹೆಚ್ಚಿನದು ಎಂಬುದು ನನ್ನ ಅಭಿಪ್ರಾಯ.

ಅನಿವಾರ್ಯತೆ ಇಲ್ಲದಿದ್ದರೂ ನಷ್ಟವಾಗುತ್ತದೆ ಎಂಬುದಕ್ಕೆ 1997ರ ಜೂನ್ 29 ಸಾಕ್ಷಿ. ಬ್ರಿಟನ್ನಿನ ರಾಯಲ್ ಪಿಜನ್ ರೇಸಿಂಗ್ ಅಸೋಸಿಯೇಷನ್ ತನ್ನ ಶತಮಾನೋತ್ಸವಕ್ಕಾಗಿ ಫ್ರಾನ್ಸಿನ ನಾಂತ್ ಪಟ್ಟಣದಿಂದ ಸುಮಾರು 60,000 ಪಾರಿವಾಳಗಳನ್ನು ಬಿಟ್ಟಿತು. ಹತ್ತಾರು ಸಾವಿರ ಹಕ್ಕಿಗಳು ಮರಳಲೇ ಇಲ್ಲ. ಕಾಂಕಾರ್ಡ್ ವಿಮಾನದ ಶಬ್ದತರಂಗಗಳು ಅವುಗಳ ದಿಕ್ಕನ್ನು ಕೆಡಿಸಿರಬಹುದೆಂದು ಜಾನ್ ಹ್ಯಾಗ್‌ಸ್ಟ್ರಮ್ ಎಂಬ ಭೂವಿಜ್ಞಾನಿ ಮುಂದೆ ಊಹಿಸಿದರು. ಅಂದು ಬಿಡುಗಡೆಯಾದ ಹಕ್ಕಿಗಳಲ್ಲಿ ಪಳಗಿದವೇ ಬಹಳವಿದ್ದವು. ಅನುಭವವೊಂದೇ ಹಕ್ಕಿಯನ್ನು ಕಾಯುವುದಿಲ್ಲ.

ಹಾಗಾದರೆ ಬಲ್ಲವರು ಏನು ಮಾಡುತ್ತಾರೆ? ಅವರು ದೂರಕ್ಕೆ ತಕ್ಕಂತೆ ವಿಶ್ರಾಂತಿಯನ್ನು ಹೆಚ್ಚಿಸುತ್ತಾರೆ. ನೂರಿನ್ನೂರು ಕಿ.ಮೀ. ಪಂದ್ಯಗಳಲ್ಲಿ ಹಕ್ಕಿಯನ್ನು ವಾರವಾರವೂ ಬಿಡುವುದುಂಟು. 500 ಕಿ.ಮೀ. ದಾಟಿದರೆ ಎರಡು ಮೂರು ವಾರಗಳ ಬಿಡುವು. ಸ್ಪೇನಿನ ಬಾರ್ಸಿಲೋನಾದಿಂದ ಬೆಲ್ಜಿಯಂ, ಹಾಲೆಂಡ್ ಕಡೆಗೆ ಪ್ರತಿ ಬೇಸಿಗೆಯಲ್ಲಿ ನಡೆಯುವ ಪಂದ್ಯ ಸಾವಿರ ಕಿ.ಮೀ.ಗೂ ಮಿಗಿಲಾದದ್ದು, ಅದಕ್ಕೆ ಸಿದ್ಧಪಡಿಸಿದ ಹಕ್ಕಿಗೆ ಸಾಮಾನ್ಯವಾಗಿ ಅದೇ ವರ್ಷದ ದೊಡ್ಡ ಪಂದ್ಯ. ಬೆಂಗಳೂರಿನವರ ಲೆಕ್ಕದಲ್ಲಿ ಹೇಳುವುದಾದರೆ ನಾಗಪುರ ಆಕಾಶಮಾರ್ಗದಲ್ಲಿ ಸುಮಾರು 920 ಕಿ.ಮೀ., ಭೋಪಾಲ 1140 ಕಿ.ಮೀ. ಅಷ್ಟು ದೂರವನ್ನು ಹಕ್ಕಿ ಒಂದೇ ಹಗಲಿನಲ್ಲಿ ಮುಗಿಸುವುದು ಕಷ್ಟ. ದಾರಿಯಲ್ಲಿ ಎಲ್ಲಿಯೋ ಅಪರಿಚಿತ ಸ್ಥಳದಲ್ಲಿ ರಾತ್ರಿ ಕಳೆಯಬೇಕಾಗುತ್ತದೆ.

ದೂರ ಹಾರುವ ಹಕ್ಕಿಗೆ ಮೈಯ ಕೊಬ್ಬೇ ಇಂಧನ. ಆದ್ದರಿಂದ ಪಂದ್ಯಕ್ಕೆ ಮೊದಲು ಗೋವಿನಜೋಳದಂಥ ಕಾಳನ್ನು ಹೆಚ್ಚಿಸುತ್ತಾರೆ. ಮರಳಿದ ಮೇಲೆ ಒಂದೆರಡು ದಿನ ಹಗುರ ಆಹಾರ. ಕಳೆದುಹೋದ ತೂಕ ಕೆಲವೇ ದಿನಗಳಲ್ಲಿ ಮರಳುತ್ತದೆ, ಆದರೆ ದಣಿದ ಸ್ನಾಯುಗಳಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ತಕ್ಕಡಿಯನ್ನು ಮಾತ್ರ ನಂಬುವವರು ಎಡವುವುದು ಇಲ್ಲಿಯೇ. ಎದೆಯ ಸ್ನಾಯು ಕೈಗೆ ತುಂಬಿ ಸಿಗುತ್ತದೆಯೆ, ಕಣ್ಣಿನಲ್ಲಿ ಹೊಳಪಿದೆಯೆ, ಬೆಳಿಗ್ಗೆ ತಾನಾಗಿಯೇ ಹಾರುವ ಉಮೇದಿದೆಯೆ ಎಂದು ನೋಡಬೇಕು. ರೆಕ್ಕೆಯ ಹತ್ತು ದೊಡ್ಡ ಗರಿಗಳು ಒಂದೊಂದಾಗಿ ಉದುರಿ ಹೊಸದಾಗಿ ಬರುವ ಕಾಲದಲ್ಲಿ, ಮರಿಗಳಿಗೆ ಗುಟುಕು ಕೊಡುವ ಕಾಲದಲ್ಲಿ ದೂರದ ಪಂದ್ಯದ ಮಾತೇ ಬೇಡ.

ಮಾರುಕಟ್ಟೆಯೂ ಇದೇ ಪಾಠ ಹೇಳುತ್ತದೆ. 2020ರಲ್ಲಿ 16 ಲಕ್ಷ ಯೂರೋಗಳಿಗೆ ಹರಾಜಾದ ಬೆಲ್ಜಿಯಂನ ಹೆಣ್ಣು ಪಾರಿವಾಳ 'ನ್ಯೂ ಕಿಮ್' 2018ರಲ್ಲಿ ಗೆದ್ದ ಬಳಿಕ ಪಂದ್ಯಕ್ಕಿಳಿಯದೆ ತಳಿಗಾಗಿ ಉಳಿದಿತ್ತು. ಗೆದ್ದ ಮೇಲೂ ಯಜಮಾನರು ಅದನ್ನು ಪಂದ್ಯಕ್ಕೆ ಬಿಡುತ್ತ ಹೋಗಿ ಕಳೆದುಕೊಂಡಿದ್ದರೆ ಆ ಬೆಲೆ ಬರುತ್ತಿರಲಿಲ್ಲ.

ನಮ್ಮ ಬೆಳಗಾವಿ ಸೀಮೆಯ ಓದುಗರಿಗೆ ಚಕ್ಕಡಿ ಶರ್ಯತ್ತಿನ ಉದಾಹರಣೆ ಹೆಚ್ಚು ಹತ್ತಿರದ್ದು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು ಹಾಗೂ ಎತ್ತಿನ ಗಾಡಿಯ ಓಟಗಳನ್ನು ತಡೆಯಿತು. 2017ರಲ್ಲಿ ಕರ್ನಾಟಕವು ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸಂವಿಧಾನಪೀಠವು ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಓಟ ನಡೆಯಬಹುದೆ ಎಂಬ ಪ್ರಶ್ನೆಯನ್ನು ಕಾಯ್ದೆ ಬಗೆಹರಿಸಿದೆ. ಈ ವಾರ ಓಡಿದ ಎತ್ತನ್ನು ಮುಂದಿನ ವಾರದ ಜಾತ್ರೆಗೂ ಹೂಡಬೇಕೆ ಎಂಬ ಪ್ರಶ್ನೆ ಮಾತ್ರ ರೈತನ ಕೊಟ್ಟಿಗೆಯಲ್ಲಿಯೇ ಉಳಿಯುತ್ತದೆ. ಎತ್ತಿನ ದಣಿವು ಯಜಮಾನನ ಕಣ್ಣೆದುರಿಗೇ ಕಾಣುತ್ತದೆ. ಪಾರಿವಾಳದ ದಣಿವು ಕಾಣುವುದು ನಾನೂರು ಕಿ.ಮೀ. ಆಚೆ, ಯಾರೂ ಇಲ್ಲದ ಆಕಾಶದಲ್ಲಿ. ಆದುದರಿಂದ ಅದನ್ನು ಮುಂಚೆಯೇ ಊಹಿಸಬೇಕಾಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ವಿದ್ಯಾರ್ಥಿಗೆ ನಾನು ಬರೆದದ್ದು ಹೀಗೆ: 500 ಕಿ.ಮೀ. ಪಂದ್ಯಕ್ಕೆ ಬಿಡು. ಮರಳಿದರೆ ಮೂರು ವಾರ ಗೂಡಿನಲ್ಲಿರಲಿ. ಆಮೇಲೂ ಉಮೇದಿದ್ದರೆ, ಆಕಾಶ ತಿಳಿಯಾಗಿದ್ದರೆ, 700ರದ್ದಕ್ಕೆ ಯೋಚಿಸು. ಸಾವಿರದ ಪಂದ್ಯ ಈ ವರ್ಷ ಬೇಡ. ಮುಂದಿನ ವರ್ಷ ಅದೊಂದಕ್ಕೇ ಸಿದ್ಧಪಡಿಸು. ಸಂದೇಹ ಬಂದ ದಿನ ಬಿಡಬೇಡ. ಪ್ರಶಸ್ತಿ ಮುಂದಿನ ವರ್ಷವೂ ಇರುತ್ತದೆ.

ಜೊತೆಗೆ ಒಂದು ಸಲಹೆ. ಪಾರಿವಾಳ ಸಾಕುವ ಎಲ್ಲ ತರುಣರಿಗೂ ಇದು ಅನ್ವಯಿಸುತ್ತದೆ. ಒಂದು ವಹಿಯಲ್ಲಿ ಎರಡು ಪಟ್ಟಿಗಳನ್ನು ಬರೆದಿಡಿ. ಒಂದರಲ್ಲಿ ಮರಳಿದ ಹಕ್ಕಿಗಳ ವೇಗ. ಇನ್ನೊಂದರಲ್ಲಿ ಮರಳದ ಹಕ್ಕಿಗಳ ಕಾಲುಂಗುರದ ಸಂಖ್ಯೆ, ಬಿಟ್ಟ ದಿನಾಂಕ, ಅಂದಿನ ಹವೆ, ಅದಕ್ಕೂ ಹಿಂದಿನ ಪಂದ್ಯದಿಂದ ಕಳೆದ ದಿನಗಳು. ಮೊದಲನೆಯ ಪಟ್ಟಿಯನ್ನು ಪಂದ್ಯ ನಡೆಸುವವರು ಹೇಗೂ ಪ್ರಕಟಿಸುತ್ತಾರೆ. ಎರಡನೆಯದನ್ನು ನೀವೇ ಬರೆಯಬೇಕು. ಮುಂದಿನ ಋತುವಿನಲ್ಲಿ ಎಷ್ಟು ಸಲ ಕಳುಹಿಸಬೇಕೆಂಬ ಪ್ರಶ್ನೆಗೆ ಉತ್ತರ ಆ ಎರಡನೆಯ ಪಟ್ಟಿಯಲ್ಲಿಯೇ ಸಿಗುತ್ತದೆ.