ಸಣ್ಣ ಸರ್ಕಾರಿ ಶಾಲೆಗಳ ಮೌಲ್ಯಮಾಪನ (ಮಲೆನಾಡು)

ಸಣ್ಣ ಸರ್ಕಾರಿ ಶಾಲೆಯ ಮೌಲ್ಯಮಾಪನ ಎಂಬುದು ಕಡಿಮೆ ಸಂಖ್ಯೆಯ ವಿದ್ಯಾರ್ಥಿಗಳಿರುವ ಸರ್ಕಾರಿ ಶಾಲೆಯ ಸ್ಥಿತಿಯನ್ನು ಅದರ ದಾಖಲಾತಿ, ಹಾಜರಾತಿ, ಶಿಕ್ಷಕರ ಸಂಖ್ಯೆ ಹಾಗೂ ಅನುದಾನದ ಅಂಕಿಅಂಶಗಳಿಂದ ಅಳೆಯುವ ಕ್ರಮವಾಗಿದೆ. ಶಿಕ್ಷಕರ ನಿಯೋಜನೆ, ಅನುದಾನದ ಹಂಚಿಕೆ, ಶಾಲೆಗಳ ವಿಲೀನ ಮುಂತಾದ ತೀರ್ಮಾನಗಳಿಗೆ ಈ ಅಂಕಿಗಳೇ ಆಧಾರವಾಗಿರುತ್ತವೆ. ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಹೋಬಳಿ, ಮೂಡಿಗೆರೆ ಮತ್ತು ಕಳಸದಂತಹ ಕಾಫಿ ಸೀಮೆಯಲ್ಲಿ ಮನೆಗಳು ತೋಟಗಳ ನಡುವೆ ಚದುರಿರುವುದರಿಂದ ಶಾಲೆಗಳೂ ಸಹಜವಾಗಿ ಸಣ್ಣವು. ಬಯಲುಸೀಮೆಯ ದೊಡ್ಡ ಊರಿನ ಶಾಲೆಗೆ ಹೊಂದುವ ಅಳತೆಗೋಲನ್ನು ಇಲ್ಲಿಗೆ ಹಾಗೆಯೇ ತಂದರೆ ತಪ್ಪು ಚಿತ್ರ ದೊರೆಯುತ್ತದೆ.

ಅಂಕಿಅಂಶಗಳ ಮೂಲ

ದೇಶದ ಪ್ರತಿಯೊಂದು ಶಾಲೆಗೂ 11 ಅಂಕಿಗಳ ಯು-ಡೈಸ್ ಸಂಖ್ಯೆ ಇದೆ. ಕರ್ನಾಟಕದ ಶಾಲೆಗಳ ಸಂಖ್ಯೆ 29ರಿಂದ ಆರಂಭವಾಗುತ್ತದೆ. ಶಾಲೆಯ ಕೊಠಡಿ, ಶೌಚಾಲಯ, ಶಿಕ್ಷಕರು, ತರಗತಿವಾರು ಮಕ್ಕಳು ಮುಂತಾದ ವಿವರಗಳನ್ನು ಮುಖ್ಯ ಶಿಕ್ಷಕರು ಪ್ರತಿವರ್ಷ ಇದರಲ್ಲಿ ದಾಖಲಿಸುತ್ತಾರೆ. ಇದಲ್ಲದೆ ರಾಜ್ಯದ ಎಸ್.ಎ.ಟಿ.ಎಸ್. ವ್ಯವಸ್ಥೆಯಲ್ಲಿ ಪ್ರತಿ ಮಗುವಿನ ದಾಖಲೆಯೂ ಇರುತ್ತದೆ. ಶಾಲೆಯೊಳಗೆ ದಾಖಲಾತಿ ವಹಿ, ಹಾಜರಿ ಪುಸ್ತಕ, ಬಿಸಿಯೂಟದ ವಹಿ ಮತ್ತು ನಗದು ಪುಸ್ತಕ ಇವು ಮೂಲ ದಾಖಲೆಗಳು. ಹೊರಗಿನ ತಖ್ತೆಯಲ್ಲಿ ಕಾಣುವ ಅಂಕಿ ಈ ವಹಿಗಳಿಂದಲೇ ಹೊರಟದ್ದು. ಸಂದೇಹ ಬಂದಾಗ ಮೊದಲು ತೆರೆಯಬೇಕಾದುದು ಬಿಸಿಯೂಟದ ವಹಿ. ದಾಖಲಾದ ಮಕ್ಕಳಲ್ಲಿ ನಿತ್ಯ ಎಷ್ಟು ಮಂದಿ ಬರುತ್ತಾರೆ ಎಂಬುದು ಅಲ್ಲಿ ದಿನವಹಿಯಾಗಿ ಸಿಗುತ್ತದೆ.

ದಾಖಲಾತಿಯನ್ನು ಓದುವ ಬಗೆ

ಮಕ್ಕಳ ಸಂಖ್ಯೆ ಇಳಿದ ಕೂಡಲೇ ಶಾಲೆ ಕೆಟ್ಟಿತೆಂದು ಹೇಳುವುದು ವಾಡಿಕೆ. ಆದರೆ ಊರಿನಲ್ಲಿಯೇ ಮಕ್ಕಳು ಕಡಿಮೆಯಾಗಿರಬಹುದು. 2001ರ ಜನಗಣತಿಯಲ್ಲಿ 11,40,905 ಇದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ರಾಜ್ಯದ ಜನಸಂಖ್ಯೆ ಏರುತ್ತಿದ್ದ ದಶಕದಲ್ಲಿಯೇ ಈ ಇಳಿಕೆ ಸಂಭವಿಸಿತು. ಜನನ ಪ್ರಮಾಣ ತಗ್ಗಿದುದೂ ಉದ್ಯೋಗಕ್ಕಾಗಿ ಯುವಜನರು ನಗರ ಸೇರಿದುದೂ ಶಾಲೆಯ ದಾಖಲಾತಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದಕ್ಕಿಂತ, ಶಾಲೆಯ ವ್ಯಾಪ್ತಿಯಲ್ಲಿರುವ ಮಕ್ಕಳಲ್ಲಿ ಎಷ್ಟು ಮಂದಿ ಇಲ್ಲಿಗೆ ಬರುತ್ತಾರೆ ಎಂಬುದು. ವ್ಯಾಪ್ತಿಯಲ್ಲಿ 40 ಮಕ್ಕಳಿದ್ದಾಗ 30 ಮಂದಿ ಬರುತ್ತಿದ್ದ ಶಾಲೆಗೆ, ಮಕ್ಕಳು 22ಕ್ಕೆ ಇಳಿದ ಮೇಲೆ 18 ಮಂದಿ ಬರುತ್ತಿದ್ದಾರೆಂದು ಭಾವಿಸೋಣ. ದಾಖಲಾತಿ ಶೇಕಡ 40ರಷ್ಟು ಕುಸಿಯಿತು ಎಂದು ವರದಿಯಾಗುತ್ತದೆ. ಆದರೆ ಶಾಲೆಯ ಪಾಲು ಶೇಕಡ 75ರಿಂದ ಸುಮಾರು 82ಕ್ಕೆ ಏರಿದೆ. ಇದಕ್ಕೆ ತದ್ವಿರುದ್ಧವಾಗಿ, ಮಕ್ಕಳ ಸಂಖ್ಯೆ ಊರಿನಲ್ಲಿ ಹಾಗೆಯೇ ಇದ್ದು ಬೆಳಗಿನ ವ್ಯಾನು ಅವರನ್ನು ಪಟ್ಟಣದ ಖಾಸಗಿ ಶಾಲೆಗೆ ಒಯ್ಯುತ್ತಿದ್ದರೆ ಅದು ಬೇರೆಯೇ ಸಂಗತಿ. ಖಾಸಗಿ ಶಾಲೆ ಎಲ್.ಕೆ.ಜಿ.ಗೇ ಮಗುವನ್ನು ಸೇರಿಸಿಕೊಳ್ಳುವುದರಿಂದ, ಒಂದನೆಯ ತರಗತಿಯಿಂದ ಆರಂಭವಾಗುವ ಸರ್ಕಾರಿ ಶಾಲೆ ಪೋಷಕರ ಆಯ್ಕೆಯ ಹೊತ್ತಿಗೆ ಕಣದಲ್ಲಿಯೇ ಇರುವುದಿಲ್ಲ. ಆಂಗ್ಲ ಮಾಧ್ಯಮದ ಒಲವೂ ಇದರೊಡನೆ ಸೇರಿದೆ. 2019-20ರಲ್ಲಿ ರಾಜ್ಯವು 1,000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ಆರಂಭಿಸಿದುದಕ್ಕೆ ಈ ಒಲವೇ ಹಿನ್ನೆಲೆ.

ಕಾಫಿ ಸೀಮೆಯಲ್ಲಿ ಎಣಿಕೆಯ ದಿನವೂ ಮುಖ್ಯ. ಯು-ಡೈಸ್‌ಗೆ ಹಲವು ವರ್ಷಗಳ ಕಾಲ ಸೆಪ್ಟೆಂಬರ್ 30 ಆಧಾರ ದಿನವಾಗಿತ್ತು. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಲ್ಲಿ ಮೊದಲಾಗುತ್ತದೆ; ರೊಬಸ್ಟಾ ಹಣ್ಣು ಜನವರಿಯಿಂದ ಮಾರ್ಚಿಯವರೆಗೆ ಇರುತ್ತದೆ. ಕೊಯ್ಲಿಗೆಂದು ಬಂದು ತೋಟದ ಲೈನ್ ಮನೆಗಳಲ್ಲಿ ತಂಗುವ ಕುಟುಂಬಗಳ ಮಕ್ಕಳು ಆ ಎಣಿಕೆಗೆ ಸಿಗುವುದಿಲ್ಲ. ಅವರು ಬಂದು ಬೆಂಚಿನ ಮೇಲೆ ಕುಳಿತರೂ ಅನುದಾನದ ಲೆಕ್ಕದಲ್ಲಿ ಇಲ್ಲ. ವರ್ಗಾವಣೆ ಪತ್ರವಿಲ್ಲದೆ ಮಧ್ಯದಲ್ಲಿ ಹೊರಟರೆ ಮಾತ್ರ ಶಾಲೆ ಬಿಟ್ಟವರ ಲೆಕ್ಕಕ್ಕೆ ಬರುವ ಸಂಭವವಿದೆ. ಮಕ್ಕಳ ವೈಯಕ್ತಿಕ ದಾಖಲೆ ಸಂಗ್ರಹಿಸುವ ಪದ್ಧತಿ 2022-23ರಲ್ಲಿ ಬಂದ ನಂತರ ಒಂದು ಮಗು ಎರಡು ಕಡೆ ಎಣಿಕೆಯಾಗುವುದನ್ನು ತಡೆಯುವುದು ಸುಲಭವಾಯಿತು. ವಲಸೆಯ ಮಗುವಿನ ತೊಡಕು ಅದರಿಂದಷ್ಟೇ ಬಗೆಹರಿಯುವಂತಹುದಲ್ಲ. ಹಾಜರಾತಿಗೂ ಇದೇ ಮಾತು. ಜುಲೈ ತಿಂಗಳ ಮಳೆಯಲ್ಲಿ ಹಳ್ಳ ತುಂಬಿ ಹರಿಯುವ ಊರಿನ ಹಾಜರಿಯನ್ನು ವರ್ಷದ ಸರಾಸರಿಯೆಂದು ಓದುವುದು ಸರಿಯಲ್ಲ.

ಶೇಕಡಾವಾರು ಲೆಕ್ಕವೂ ಸಣ್ಣ ಶಾಲೆಯಲ್ಲಿ ಜಾರುವ ನೆಲ. ನಾಲ್ಕನೆಯ ತರಗತಿಯಲ್ಲಿ 3 ಮಕ್ಕಳಿದ್ದು ಒಂದು ಕುಟುಂಬ ತೋಟ ಬದಲಿಸಿದರೆ ಮೂರನೆಯ ಒಂದು ಭಾಗ ಹೋದಂತೆ. ಒಂದನೆಯ ತರಗತಿಗೆ ಸೇರುವ ವಯೋಮಿತಿ ಬದಲಾದ ವರ್ಷವೂ ಹೀಗೆಯೇ ಅಂಕಿ ಏರುಪೇರಾಗುತ್ತದೆ. ಐದು ವರ್ಷಗಳ ಸರಾಸರಿ ತೆಗೆದುಕೊಂಡು, ಮಕ್ಕಳ ನಿಜಸಂಖ್ಯೆಯನ್ನು ಪಕ್ಕದಲ್ಲಿಯೇ ಬರೆಯುವುದು ಉತ್ತಮ.

ಅನುದಾನ

2018ರಲ್ಲಿ ಜಾರಿಗೆ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು ಕರ್ನಾಟಕಕ್ಕೆ 60:40. ಇದರಡಿ ಬರುವ ಸಂಯುಕ್ತ ಶಾಲಾ ಅನುದಾನವು ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. 2021ರ ಪರಿಷ್ಕೃತ ಮಾರ್ಗಸೂಚಿಯಂತೆ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ 1 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಇದರಲ್ಲಿ ಕನಿಷ್ಠ ಶೇಕಡ 10 ಸ್ವಚ್ಛತೆಗೆ ಮೀಸಲು.

ಈ ಏಣಿಯ ಮೆಟ್ಟಿಲುಗಳು ಸಣ್ಣ ಶಾಲೆಯನ್ನು ವಿಚಿತ್ರ ಸ್ಥಿತಿಗೆ ತಳ್ಳುತ್ತವೆ. 31 ಮಕ್ಕಳಿರುವ ಶಾಲೆಯಿಂದ ಒಬ್ಬ ವಿದ್ಯಾರ್ಥಿ ಹೊರಟರೆ ಅನುದಾನದ ಮಿತಿ 25,000ದಿಂದ 10,000ಕ್ಕೆ ಇಳಿಯುತ್ತದೆ. ಆದರೆ ಹೆಂಚು ಒಡೆಯುವುದೂ, ವಿದ್ಯುತ್ ಬಿಲ್ಲು ಬರುವುದೂ, ಮಲೆನಾಡಿನ ಮಳೆಗೆ ಗೋಡೆ ಪಾಚಿಗಟ್ಟುವುದೂ ತಲೆ ಎಣಿಸಿ ನಡೆಯುವುದಿಲ್ಲ. ಮೊದಲಿದ್ದ ಸರ್ವ ಶಿಕ್ಷಣ ಅಭಿಯಾನದಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ 5,000 ರೂಪಾಯಿ ಶಾಲಾ ಅನುದಾನ ಮತ್ತು ಕೊಠಡಿಗಳ ಲೆಕ್ಕದಲ್ಲಿ ದುರಸ್ತಿ ಅನುದಾನ ಬೇರೆಯಾಗಿತ್ತು. ಕಟ್ಟಡವನ್ನು ಕಟ್ಟಡವಾಗಿ ಕಾಣುವ ಆ ಕ್ರಮ ಸಣ್ಣ ಶಾಲೆಗೆ ಹೆಚ್ಚು ಒಪ್ಪುವಂತಿತ್ತು. ಅಡುಗೆಯವರ ನೇಮಕದಲ್ಲಿಯೂ ಇಂತಹ ಮೆಟ್ಟಿಲಿದೆ. 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು.

ತಲಾ ವೆಚ್ಚ

ಒಟ್ಟು ವೆಚ್ಚವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ ತಲಾ ವೆಚ್ಚ ತೆಗೆಯುತ್ತಾರೆ. ಇದರ ಬಹುಪಾಲು ಶಿಕ್ಷಕರ ವೇತನವೇ. ವೇತನ ಶಾಲೆಯ ನಗದು ಪುಸ್ತಕದಲ್ಲಿ ಕಾಣುವುದಿಲ್ಲ, ಖಜಾನೆಯ ಮೂಲಕ ಬರುತ್ತದೆ. ಅದನ್ನು ಸೇರಿಸಿದ್ದಾರೆಯೇ ಎಂಬುದನ್ನು ನೋಡದೆ ಎರಡು ಲೆಕ್ಕಗಳನ್ನು ಹೋಲಿಸಬಾರದು. ಇಬ್ಬರು ಶಿಕ್ಷಕರ ವಾರ್ಷಿಕ ವೇತನ ಒಟ್ಟು 14 ಲಕ್ಷ ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಂಡರೆ, 18 ಮಕ್ಕಳಿದ್ದಾಗ ತಲಾ ವೆಚ್ಚ ಸುಮಾರು 77,800 ರೂಪಾಯಿ, 35 ಮಕ್ಕಳಿದ್ದಾಗ 40,000, 60 ಮಕ್ಕಳಿದ್ದಾಗ ಸುಮಾರು 23,300. ಪಾಠ ಒಂದೇ, ಪಾಠ ಹೇಳುವವರು ಅವರೇ. ನಿವೃತ್ತಿಗೆ ಸಮೀಪವಾದ ಶಿಕ್ಷಕರ ಜಾಗಕ್ಕೆ ಅತಿಥಿ ಶಿಕ್ಷಕರು ಬಂದರೆ ತಲಾ ವೆಚ್ಚ ತಟ್ಟನೆ ತಗ್ಗುತ್ತದೆ. ಅದನ್ನು ದಕ್ಷತೆ ಎಂದು ಕರೆಯಲಾಗದು.

ಶಿಕ್ಷಕರ ಅನುಪಾತ

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರಿರಬೇಕು. 18 ಮಕ್ಕಳಿಗೆ ಇಬ್ಬರೆಂದರೆ 9 ಮಕ್ಕಳಿಗೊಬ್ಬ ಶಿಕ್ಷಕರು. ಕಾಗದದ ಮೇಲೆ ಇದು ಸಮೃದ್ಧಿ. ವಾಸ್ತವದಲ್ಲಿ ಇಬ್ಬರು ಐದು ತರಗತಿಗಳ ಎಲ್ಲ ವಿಷಯಗಳನ್ನೂ ನಡೆಸಬೇಕು. ಅವರಲ್ಲೊಬ್ಬರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದ ದಿನ ಅದು ಏಕೋಪಾಧ್ಯಾಯ ಶಾಲೆ. ಹೀಗಾಗಿ ಅನುಪಾತದ ಜೊತೆಗೆ ಶಿಕ್ಷಕರೊಬ್ಬರು ಏಕಕಾಲದಲ್ಲಿ ಎಷ್ಟು ತರಗತಿ ನೋಡುತ್ತಾರೆ ಎಂಬುದನ್ನೂ ದಾಖಲಿಸಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿ ಬಹುತರಗತಿ ಬೋಧನೆಯ ಈ ಕಷ್ಟಕ್ಕೆ ಕಂಡುಕೊಂಡ ದಾರಿ.

ಕಲಿಕೆಯ ಮಟ್ಟವನ್ನು ಈ ಯಾವ ಅಂಕಿಯೂ ತಿಳಿಸುವುದಿಲ್ಲ. ಅದಕ್ಕೆ 2015ರಲ್ಲಿ ಆರಂಭವಾದ ಶಾಲಾ ಸಿದ್ಧಿಯಂತಹ ಮೌಲ್ಯಮಾಪನವಿದೆ. ಅದರ ಏಳು ಕ್ಷೇತ್ರಗಳಲ್ಲಿ ಬೋಧನೆ, ಕಲಿಕೆ ಮತ್ತು ಸಮುದಾಯದ ಪಾಲ್ಗೊಳ್ಳುವಿಕೆಯೂ ಸೇರಿವೆ.

ವಿಲೀನದ ಪ್ರಶ್ನೆ

ಕಡಿಮೆ ದಾಖಲಾತಿಯ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುವ ಪ್ರಸ್ತಾಪ ಕರ್ನಾಟಕದಲ್ಲಿ ಮತ್ತೆ ಮತ್ತೆ ಬಂದಿದೆ. ಪೂರ್ವಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದ ಮೇಲೆ ಚರ್ಚೆ ಮತ್ತಷ್ಟು ಬಿರುಸಾಗಿದೆ. ವಿಷಯವಾರು ಶಿಕ್ಷಕರು, ಪ್ರಯೋಗಾಲಯ, ಆಟಕ್ಕೆ ಸಾಕಷ್ಟು ಜೊತೆಗಾರರು ಎಂಬ ಅನುಕೂಲಗಳು ನಿಜವಾದವು. ಎದುರು ಬದಿಯಲ್ಲಿ ದೂರವಿದೆ. ರಾಜ್ಯದ ನಿಯಮಗಳ ಪ್ರಕಾರ ಐದನೆಯ ತರಗತಿಯವರೆಗಿನ ಶಾಲೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗಿನದು 3 ಕಿಲೋಮೀಟರಿನೊಳಗೆ ಇರಬೇಕು. ನಕ್ಷೆಯ ಮೇಲಿನ 2 ಕಿಲೋಮೀಟರು ತೋಟದ ಏರು, ಹಳ್ಳ, ಆನೆ ಓಡಾಡುವ ಹಾದಿಗಳನ್ನು ದಾಟುವಾಗ ಆರು ವರ್ಷದ ಮಗುವಿಗೆ ಬೇರೆಯೇ ಅಳತೆಯಾಗುತ್ತದೆ. ಸಮಗ್ರ ಶಿಕ್ಷಣದಲ್ಲಿ ಸಾರಿಗೆಗೆ ಮಗುವೊಂದಕ್ಕೆ ವರ್ಷಕ್ಕೆ 6,000 ರೂಪಾಯಿವರೆಗೆ ಅವಕಾಶವಿದೆ. 18 ಮಕ್ಕಳಿಗೆ ಅದು 1,08,000 ರೂಪಾಯಿ, ಅಂದರೆ ಅವರ ಹಳೆಯ ಶಾಲೆಗೆ ಬರುತ್ತಿದ್ದ ವಾರ್ಷಿಕ ಸಂಯುಕ್ತ ಅನುದಾನದ ಹತ್ತು ಪಟ್ಟಿಗೂ ಹೆಚ್ಚು. ವಿಲೀನದಿಂದ ಉಳಿತಾಯವಾಗುವುದು ಶಿಕ್ಷಕರ ಹುದ್ದೆ ಕಡಿಮೆಯಾದಾಗ ಮಾತ್ರ. 2001ರಿಂದ ಶಾಲೆಗಳಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರೇ ಸದಸ್ಯರಾಗಿದ್ದು, ಪ್ರಸ್ತಾಪ ಅಂತಿಮವಾಗುವ ಮೊದಲು ಈ ಲೆಕ್ಕವನ್ನು ಅವರ ಮುಂದಿಡಲು ಅಲ್ಲಿ ಅವಕಾಶವಿದೆ.