ಅರ್ಧ ಗೆರೆಯ ಲೆಕ್ಕ: ಟಿ.ವಿ. ಚಿತ್ರದ ಹೆಣಿಗೆ ಮತ್ತು ಪರದೆಯ ಅಳತೆ

ಹಳೆಯ ವಿಡಿಯೊ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಚಿತ್ರವನ್ನು ಇಂದಿನ ಟಿ.ವಿ.ಯಲ್ಲಿ ಹಾಕಿದರೆ ಎರಡು ದೋಷಗಳು ಕಣ್ಣಿಗೆ ಬೀಳುತ್ತವೆ. ಓಡುವವನ ಮೈಯಂಚು ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತದೆ. ಮುಖಗಳು ಅಡ್ಡಡ್ಡ ಊದಿಕೊಂಡಿರುತ್ತವೆ. ಈ ದೋಷಗಳ ಬೇರು ಬೇರೆ ಬೇರೆ ಕಾಲದ ತಾಂತ್ರಿಕ ರಾಜಿಗಳಲ್ಲಿದೆ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಗೆರೆಗಳ ಹೆಣಿಗೆ

ಚಿತ್ರನಳಿಕೆಯ ಟಿ.ವಿ.ಯಲ್ಲಿ ಎಲೆಕ್ಟ್ರಾನ್ ಕಿರಣವು ಗೆರೆಗೆರೆಯಾಗಿ ಚಿತ್ರ ಬರೆಯುತ್ತಿತ್ತು. ಸೆಕೆಂಡಿಗೆ 25 ಸಲ ಬರೆದರೆ ಪರದೆ ಮಿನುಗುತ್ತದೆ. 50 ಸಲ ಪೂರ್ತಿ ಬರೆಯಲು ಎರಡರಷ್ಟು ಬ್ಯಾಂಡ್‌ವಿಡ್ತ್ ಬೇಕು. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು ಎಂದು ಚಿತ್ರವನ್ನು ಎರಡು ‘ಫೀಲ್ಡ್’ಗಳಾಗಿ ಕಳಿಸುವ ಇಂಟರ್ಲೇಸಿಂಗ್ ಇದಕ್ಕೆ ಸಿಕ್ಕ ಪರಿಹಾರ. ಜರ್ಮನಿಯ ಟೆಲಿಫಂಕೆನ್‌ನಲ್ಲಿ ಫ್ರಿಟ್ಜ್ ಶ್ರೋಟರ್, ಅಮೆರಿಕದ ಆರ್‌ಸಿಎಯಲ್ಲಿ ರಾಂಡಲ್ ಬಲ್ಲಾರ್ಡ್ 1930ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು.

1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಬಿಬಿಸಿ ಪ್ರಸಾರ ಶುರುವಾದಾಗ ಎರಡು ಪದ್ಧತಿಗಳು ಪಾಳಿಯ ಮೇಲೆ ನಡೆದವು. ಬೇರ್ಡ್ ಪದ್ಧತಿಯಲ್ಲಿ ಹೆಣಿಗೆಯಿಲ್ಲದ 240 ಗೆರೆ. ಮಾರ್ಕೋನಿ-ಇಎಂಐ ಪದ್ಧತಿಯಲ್ಲಿ ಹೆಣೆದ 405 ಗೆರೆ. ಮರುವರ್ಷ ಫೆಬ್ರವರಿಯಲ್ಲಿ ಬೇರ್ಡ್ ಪದ್ಧತಿ ನಿಂತಿತು.

ಬ್ರಿಟನ್ನಿನ 405, ಅಮೆರಿಕದ 525, ಭಾರತದ 625 ಎಲ್ಲವೂ ಬೆಸ ಸಂಖ್ಯೆಗಳು. 625ನ್ನು ಎರಡು ಮಾಡಿದರೆ ಫೀಲ್ಡಿಗೆ ಮುನ್ನೂರ ಹನ್ನೆರಡೂವರೆ, ಅಂದರೆ 312.5 ಗೆರೆ. ಆ ಅರ್ಧ ಗೆರೆಯಿಂದಾಗಿಯೇ ಎರಡನೆಯ ಫೀಲ್ಡಿನ ಗೆರೆಗಳು ಮೊದಲನೆಯದರ ಸಂದಿಯಲ್ಲಿ ತಾವಾಗಿ ಕೂರುತ್ತವೆ.

ಹೆಣಿಗೆ ಬಿಡಿಸುವುದು

ಎಲ್‌ಸಿಡಿ ಪರದೆಗೆ ಇಡೀ ಫ್ರೇಮ್ ಬೇಕು. ಎರಡು ಫೀಲ್ಡ್‌ಗಳನ್ನು ಹಾಗೆಯೇ ಕೂಡಿಸಿದರೆ ನಿಂತ ವಸ್ತು ಸ್ಪಷ್ಟ, ಚಲಿಸುವ ವಸ್ತು ಬಾಚಣಿಗೆ. ಒಂದೇ ಫೀಲ್ಡನ್ನು ಹಿಗ್ಗಿಸಿದರೆ ಬಾಚಣಿಗೆ ಹೋಗುತ್ತದೆ, ಸೂಕ್ಷ್ಮ ವಿವರವೂ ಹೋಗುತ್ತದೆ. ಉತ್ತಮ ಡಿ-ಇಂಟರ್ಲೇಸಿಂಗ್ ಚಲನೆಯನ್ನು ಅಳೆದು, ನಿಶ್ಚಲ ಭಾಗದಲ್ಲಿ ಮೊದಲ ಕ್ರಮವನ್ನೂ ಚಲಿಸುವ ಭಾಗದಲ್ಲಿ ಎರಡನೆಯದನ್ನೂ ಬಳಸುತ್ತದೆ.

ಆದರೆ ನಿರ್ಣಾಯಕ ಪ್ರಶ್ನೆ ಚಿತ್ರದ ಮೂಲದ್ದು. ವಿಡಿಯೊ ಕ್ಯಾಮೆರಾದ ಎರಡು ಫೀಲ್ಡ್‌ಗಳ ನಡುವೆ ಸೆಕೆಂಡಿನ 50ನೇ ಒಂದು ಭಾಗದ ಅಂತರವಿದೆ. ಫಿಲ್ಮಿನಿಂದ ಬಂದ ಚಿತ್ರದಲ್ಲಿ ಎರಡೂ ಒಂದೇ ಕ್ಷಣದವು. ಕೂಡಿಸಿದರೆ ಮೂಲ ಫ್ರೇಮ್ ಇಡಿಯಾಗಿ ಮರಳುತ್ತದೆ. ನಮ್ಮಂಥ 50 ಫೀಲ್ಡ್‌ಗಳ ದೇಶಗಳಲ್ಲಿ 24 ಫ್ರೇಮಿನ ಸಿನಿಮಾವನ್ನು 25ರ ವೇಗದಲ್ಲಿ ಓಡಿಸುತ್ತಿದ್ದರು. 150 ನಿಮಿಷದ ಚಿತ್ರ ಟಿ.ವಿ.ಯಲ್ಲಿ 144 ನಿಮಿಷಕ್ಕೇ ಮುಗಿಯುತ್ತಿತ್ತು.

ಅಗಲ ಮತ್ತು ಎತ್ತರ

ಎಡಿಸನ್ ಪ್ರಯೋಗಾಲಯದ ಡಿಕ್ಸನ್ 1890ರ ದಶಕದ ಆರಂಭದಲ್ಲಿ ಸಿನಿಮಾದಲ್ಲಿ ಬಳಕೆಗೆ ತಂದ 4:3 ಚೌಕಟ್ಟು ಟಿ.ವಿ.ಗೂ ಬಂತು. 1953ರಲ್ಲಿ ‘ದಿ ರೋಬ್’ ಮೂಲಕ ಸಿನಿಮಾಸ್ಕೋಪ್ ಎಂಬ ಅಗಲ ಪರದೆ ಬಂದ ಮೇಲೆ ಸಿನಿಮಾ ಮತ್ತು ಟಿ.ವಿ.ಯ ಅಳತೆ ಹೊಂದಲಿಲ್ಲ. 2.35:1 ಅನುಪಾತದ ಚಿತ್ರವನ್ನು 576 ಕಾಣುವ ಗೆರೆಗಳ 4:3 ಪರದೆಯಲ್ಲಿ ಪೂರ್ತಿ ತೋರಿಸಿದರೆ ಸುಮಾರು 327 ಗೆರೆಗಳಷ್ಟೇ ಬಳಕೆಯಾಗುತ್ತವೆ. ಉಳಿದದ್ದು ಕಪ್ಪು ಪಟ್ಟಿ. 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಪ್ರಚಲಿತ ಅನುಪಾತಗಳ ಸಮಕ್ಷೇತ್ರ ಆಯತಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲವನ್ನೂ ಒಳಗೊಳ್ಳುವ ಆಯತದ ಅನುಪಾತ 1.33 ಮತ್ತು 2.35ರ ಗುಣೋತ್ತರ ಸರಾಸರಿಯಾದ 1.77, ಅಂದರೆ 16:9.

ಊದಿದ ಮುಖಕ್ಕೆ ಕಾರಣ 4:3 ಚಿತ್ರವನ್ನು ಇಂದಿನ ಟಿ.ವಿ.ಯ 16:9 ಪರದೆಯ ತುಂಬ ಎಳೆಯುವುದು. ಇನ್ನೊಂದು ತೊಡಕೂ ಇದೆ: 1982ರ ಅಂತರರಾಷ್ಟ್ರೀಯ ಡಿಜಿಟಲ್ ಮಾನಕದ 720×576 ಚಿತ್ರದ ಪಿಕ್ಸೆಲ್‌ಗಳು ಚೌಕವಲ್ಲ. ಸಂಖ್ಯೆಯನ್ನೇ ನಂಬಿದರೆ ಅನುಪಾತ 5:4 ಆಗುತ್ತದೆ.

2012ರ ಅಲ್ಟ್ರಾ ಎಚ್‌ಡಿ ಮಾನಕದಲ್ಲಿ ಇಂಟರ್ಲೇಸಿಂಗ್‌ಗೆ ಜಾಗವಿಲ್ಲ. ಹಳೆಯ ದಾಖಲೆಗಳು ಮಾತ್ರ ಹೆಣಿಗೆಯಲ್ಲೇ ಉಳಿದಿವೆ. ಅವುಗಳನ್ನು ಕಾಪಿಡುವವರು ಮೂಲ ಫೀಲ್ಡ್‌ಗಳನ್ನು ಮುಟ್ಟದೆ ಇರಿಸಿ, ಫೀಲ್ಡ್‌ಗಳ ಕ್ರಮ ಮತ್ತು ಅನುಪಾತವನ್ನು ಬರೆದಿಡಬೇಕು. ಹೆಣಿಗೆ ಬಿಡಿಸುವುದು ನೋಡುವ ಪ್ರತಿಯಲ್ಲಷ್ಟೇ ಆಗಲಿ.