ಯಕೃತ್ತಿನ ಗಡ್ಡೆಗಳ ಪತ್ತೆಯಲ್ಲಿ ಸಿ.ಟಿ. ಸ್ಕ್ಯಾನ್: ಇತಿಹಾಸ

ಯಕೃತ್ತು ಅಥವಾ ಪಿತ್ತಜನಕಾಂಗದಲ್ಲಿ ಬೆಳೆಯುವ ಗಡ್ಡೆಗಳನ್ನು ಸಿ.ಟಿ. ಸ್ಕ್ಯಾನ್ ಮೂಲಕ ಪತ್ತೆಹಚ್ಚುವ ಪದ್ಧತಿ 1970ರ ದಶಕದ ನಡುಭಾಗದಲ್ಲಿ ಆರಂಭವಾಯಿತು. ಅದಕ್ಕೂ ಮುಂಚೆ ವಿಕಿರಣಶೀಲ ಟೆಕ್ನೀಷಿಯಂ ಚುಚ್ಚಿ ತೆಗೆಯುವ ಚಿತ್ರ, ರಕ್ತನಾಳಕ್ಕೆ ಕೊಳವೆ ಹಾಯಿಸಿ ಮಾಡುವ ಆಂಜಿಯೋಗ್ರಾಂ ಮತ್ತು ಹೊಟ್ಟೆ ತೆರೆದು ನೋಡುವ ಶಸ್ತ್ರಕ್ರಿಯೆಗಳೇ ಮುಖ್ಯ ದಾರಿಗಳಾಗಿದ್ದವು.

ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಿಂದ ರೋಗಿಯೊಬ್ಬರ ಮೊದಲ ಸಿ.ಟಿ. ಸ್ಕ್ಯಾನ್ ನಡೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಅದು ಮೆದುಳಿನ ಸ್ಕ್ಯಾನ್. ಇಡೀ ದೇಹವನ್ನು ಚಿತ್ರಿಸಬಲ್ಲ ಯಂತ್ರವನ್ನು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ರಾಬರ್ಟ್ ಲೆಡ್ಲಿ ಸಿದ್ಧಪಡಿಸಿದರು. ಆದರೆ ತಲೆಬುರುಡೆಯೊಳಗೆ ನಿಶ್ಚಲವಾಗಿರುವ ಮೆದುಳಿನಂತಲ್ಲ ಯಕೃತ್ತು. ಅದು ಪ್ರತಿ ಉಸಿರಿಗೂ ಮೇಲೆ ಕೆಳಗೆ ಸರಿಯುತ್ತದೆ. ಒಂದೊಂದು ಪದರಕ್ಕೆ ಬಹಳ ಹೊತ್ತು ಹಿಡಿಯುತ್ತಿದ್ದ ಆಗಿನ ಯಂತ್ರಗಳಲ್ಲಿ ಚಿತ್ರ ಕಲಸಿಹೋಗುತ್ತಿತ್ತು.

ಇನ್ನೊಂದು ತೊಡಕು ಸಾಂದ್ರತೆಯದು. ನೀರನ್ನು 0, ಗಾಳಿಯನ್ನು −1000 ಎಂದು ಇಟ್ಟುಕೊಂಡ ಹೌನ್ಸ್‌ಫೀಲ್ಡ್ ಮಾಪನದಲ್ಲಿ ಆರೋಗ್ಯವಂತ ಯಕೃತ್ತಿನ ಬೆಲೆ ಸುಮಾರು 60. ಅನೇಕ ಗಡ್ಡೆಗಳ ಬೆಲೆಯೂ ಅದರ ಆಸುಪಾಸಿನಲ್ಲೇ ಇರುವುದರಿಂದ ಬರಿಯ ಸ್ಕ್ಯಾನಿನಲ್ಲಿ ಅವು ಕಾಣದೆ ಉಳಿಯುತ್ತವೆ.

ಇದಕ್ಕೆ ಪರಿಹಾರ ಸಿಕ್ಕಿದ್ದು ಯಕೃತ್ತಿನ ರಕ್ತಪೂರೈಕೆಯಲ್ಲಿಯೇ. ಅದಕ್ಕೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯಲ್ಲಿ ಬಂದರೆ, ಉಳಿದದ್ದು ಯಕೃತ್ತಿನ ಅಪಧಮನಿಯಲ್ಲಿ ಬರುತ್ತದೆ. ಗಡ್ಡೆಗಳು ಮಾತ್ರ ಹೆಚ್ಚಾಗಿ ಅಪಧಮನಿಯನ್ನೇ ನೆಚ್ಚಿಕೊಂಡಿರುತ್ತವೆ. ಹೀಗಾಗಿ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವವನ್ನು ತೋಳಿನ ಅಭಿಧಮನಿಗೆ ಚುಚ್ಚಿದಾಗ ಗಡ್ಡೆಯೂ ಸುತ್ತಲಿನ ಅಂಗಾಂಶವೂ ಬೇರೆ ಬೇರೆ ಗಳಿಗೆಯಲ್ಲಿ ಬೆಳಗುತ್ತವೆ. ಈ ಅಂತರ ಕೆಲವೇ ಸೆಕೆಂಡುಗಳದ್ದು; ಅದನ್ನು ಹಿಡಿಯುವಷ್ಟು ವೇಗ 1980ರ ದಶಕದ ಯಂತ್ರಗಳಿಗೆ ಇರಲಿಲ್ಲ.

ಆ ಕೊರತೆಯನ್ನು ತುಂಬಲು ಜಪಾನಿನ ವೈದ್ಯರು ರಕ್ತನಾಳಕ್ಕೆ ಹಾಯಿಸುವ ಕೊಳವೆಯ ಮೊರೆಹೋದರು. ಕರುಳಿನ ಅಪಧಮನಿಗೆ ಕಾಂಟ್ರಾಸ್ಟ್ ಬಿಟ್ಟರೆ ಅದು ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತನ್ನು ಬೆಳಗಿಸುತ್ತದೆ, ಗಡ್ಡೆ ಕಪ್ಪಾಗಿ ಉಳಿಯುತ್ತದೆ. ಗಸಗಸೆ ಎಣ್ಣೆಗೆ ಅಯೋಡಿನ್ ಸೇರಿಸಿ ಮಾಡಿದ ಲಿಪಿಯೋಡಾಲ್ ಅನ್ನು ಯಕೃತ್ತಿನ ಅಪಧಮನಿಗೆ ಚುಚ್ಚಿ, ಅದು ಗಡ್ಡೆಯಲ್ಲಿ ಉಳಿದುಕೊಂಡದ್ದನ್ನು ಕೆಲವು ದಿನಗಳ ನಂತರ ಸ್ಕ್ಯಾನಿನಲ್ಲಿ ನೋಡುವ ಕ್ರಮವೂ ಬಂತು. ಎರಡೂ ಸೂಕ್ಷ್ಮ ವಿಧಾನಗಳೇ, ಆದರೆ ರೋಗಿಗೆ ತ್ರಾಸದಾಯಕ.

ನಿಜವಾದ ತಿರುವು 1989ರದು. ಜರ್ಮನಿಯ ಭೌತವಿಜ್ಞಾನಿ ವಿಲ್ಲಿ ಕಾಲೆಂಡರ್ ಮತ್ತು ಸಂಗಡಿಗರು ಆ ವರ್ಷ ಸುರುಳಿ ಸ್ಕ್ಯಾನನ್ನು ಮುಂದಿಟ್ಟರು. ಎಕ್ಸ್-ರೇ ಕೊಳವೆ ನಿಲ್ಲದೆ ಸುತ್ತುತ್ತಿರುವಂತೆಯೇ ಮಂಚ ಮುಂದೆ ಸರಿಯುವುದರಿಂದ ಒಂದೇ ಉಸಿರು ಹಿಡಿದಷ್ಟರಲ್ಲಿ ಇಡೀ ಯಕೃತ್ತಿನ ಚಿತ್ರ ಸಾಧ್ಯವಾಯಿತು. 1998ರಲ್ಲಿ ಏಕಕಾಲಕ್ಕೆ ನಾಲ್ಕು ಪದರ, 2004ರ ವೇಳೆಗೆ 64 ಪದರ ಹಿಡಿಯುವ ಯಂತ್ರಗಳು ಬಂದವು. ಕಾಂಟ್ರಾಸ್ಟ್ ಚುಚ್ಚಿದ ಸುಮಾರು 35 ಸೆಕೆಂಡಿಗೆ ಅಪಧಮನಿ ಹಂತ, 70 ಸೆಕೆಂಡಿಗೆ ಪೋರ್ಟಲ್ ಹಂತ, ಮೂರರಿಂದ ಐದು ನಿಮಿಷಕ್ಕೆ ತಡವಾದ ಹಂತ: ಈ ಮೂರು ಹಂತಗಳ ಸ್ಕ್ಯಾನ್ ಆಸ್ಪತ್ರೆಗಳ ನಿತ್ಯಕ್ರಮವಾಯಿತು.

ಹಂತಗಳನ್ನು ಹೋಲಿಸಿ ನೋಡುವುದರಿಂದ ಗಡ್ಡೆ ಎಲ್ಲಿದೆ ಎಂಬುದರ ಜೊತೆಗೆ ಯಾವ ಬಗೆಯದು ಎಂಬುದೂ ತಿಳಿಯತೊಡಗಿತು. ಯಕೃತ್ತಿನಲ್ಲೇ ಹುಟ್ಟುವ ಪ್ರಮುಖ ಕ್ಯಾನ್ಸರ್ ಮೊದಲ ಹಂತದಲ್ಲಿ ಬೆಳಗಿ ನಂತರ ಸುತ್ತಲಿಗಿಂತ ಕಪ್ಪಾಗುತ್ತದೆ. ಅಪಾಯವಿಲ್ಲದ ಹೆಮಾಂಜಿಯೋಮಾ ಅಂಚಿನಿಂದ ಒಳಮುಖವಾಗಿ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ದೊಡ್ಡ ಕರುಳಿನಿಂದ ಹರಡಿದ ಗಡ್ಡೆಗಳು ಪೋರ್ಟಲ್ ಹಂತದಲ್ಲಿ ಚೆನ್ನಾಗಿ ಕಾಣುತ್ತವೆ. 2001ರಲ್ಲಿ ಪ್ರಕಟವಾದ ಯುರೋಪಿನ ತಜ್ಞರ ಬಾರ್ಸಿಲೋನಾ ಸಭೆಯ ನಿರ್ಣಯಗಳು, ಯಕೃತ್ತು ಕಲೆಗಟ್ಟಿ ಗಡುಸಾಗುವ ಸಿರೋಸಿಸ್ ಇರುವವರಲ್ಲಿ, ಸೂಜಿ ಚುಚ್ಚಿ ತುಣುಕು ತೆಗೆಯುವ ಬಯಾಪ್ಸಿ ಇಲ್ಲದೆ ಚಿತ್ರಗಳ ಆಧಾರದ ಮೇಲೆಯೇ ಕ್ಯಾನ್ಸರ್ ಎಂದು ನಿರ್ಧರಿಸುವುದನ್ನು ಒಪ್ಪಿದವು. ಸೂಜಿಯ ಜಾಡಿನಲ್ಲಿ ಕ್ಯಾನ್ಸರ್ ಕೋಶಗಳು ಹರಡುವ ಅಪಾಯ ಇರುವುದರಿಂದ ಇದು ದೊಡ್ಡ ಹೆಜ್ಜೆ. ವರದಿಯ ಭಾಷೆಯನ್ನು ಏಕರೂಪಗೊಳಿಸುವ ಲೈ-ರಾಡ್ಸ್ ಪದ್ಧತಿಯನ್ನು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2011ರಲ್ಲಿ ಹೊರತಂದಿತು.

ಈ ಗಡ್ಡೆಗಳನ್ನು ಗಣಕದಿಂದಲೇ ಗುರುತಿಸುವ ಯತ್ನವೂ ನಡೆಯಿತು: ಅದಕ್ಕಾಗಿ ಏರ್ಪಟ್ಟ 2017ರ ಲಿಟ್ಸ್ ಸ್ಪರ್ಧೆ 201 ಸಿ.ಟಿ. ಸ್ಕ್ಯಾನ್‌ಗಳನ್ನು ಗಣಕ ವಿಜ್ಞಾನಿಗಳ ಮುಂದಿಟ್ಟಿತು. ಯಕೃತ್ತಿನ ಅಂಚನ್ನು ಗುರುತಿಸುವಲ್ಲಿ ಉತ್ತಮ ಫಲಿತಾಂಶ ಪಡೆದ ತಂತ್ರಾಂಶಗಳು ಗಡ್ಡೆಗಳನ್ನು, ಅದರಲ್ಲೂ ಸಣ್ಣವನ್ನು, ಅಷ್ಟೇ ನಿಖರವಾಗಿ ಹಿಡಿಯಲಿಲ್ಲ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಗಳಿಗೆ ಎಂ.ಆರ್.ಐ. ಇಂದಿಗೂ ಹೆಚ್ಚು ನೆರವಾಗುತ್ತದೆ. ವಿಕಿರಣದ ಕಾರಣ ಸಿ.ಟಿ.ಯನ್ನು ಪದೇ ಪದೇ ಮಾಡುವಂತಿಲ್ಲ. ಆದ್ದರಿಂದ ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿ, ಸಂಶಯ ಬಂದಾಗ ಮೂರು ಹಂತಗಳ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸುವುದು ಈಗಿನ ರೂಢಿ.